ಆರು ವಾರದ ಕೋರ್ಸ್ ಮಾಡ್ದೆ, ಮೂರನೇ ವಾರದಲ್ಲೇ ಸಿಕ್ಕಾಕೊಂಡೆ: ಮತದಾರರ ತಲೆ ಬಗ್ಗೆ ಒಂದು ಆನ್‌ಲೈನ್ ಕೋರ್ಸ್ ರಿವ್ಯೂ

ಕೋರ್ಸ್ ಹೆಸರು ಹೇಳಲ್ಲ, ಯಾಕಂದ್ರೆ ಕೆಳಗೆ ಬೈಯೋದೂ ಸ್ವಲ್ಪ ಇದೆ. ವಿಷ್ಯ ಇಷ್ಟೇ, ಕ್ಯಾಂಡಿಡೇಟ್ ಯಾವ ಜನಾಂಗದವರು, ಗಂಡಸಾ ಹೆಂಗಸಾ ಟ್ರಾನ್ಸಾ ಅನ್ನೋದು ನಮ್ಮ ವೋಟ್ ಮೇಲೆ ಎಷ್ಟು ಕೆಲ್ಸ ಮಾಡತ್ತೆ ಅಂತ. ಆರು ವಾರ, ವಾರಕ್ಕೆ ಎರಡೂವರೆ ಗಂಟೆ ಅಂತ ಬರ್ದಿದಾರೆ, ನಂಗೆ ನಾಲ್ಕು ಗಂಟೆ ಹಿಡೀತು. ವಿಡಿಯೋ ಎಲ್ಲ ಫ್ರೀ, ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ದುಡ್ಡು. ನಾನು ಕಟ್ಲಿಲ್ಲ, ನೀವೂ ಕಟ್ಬೇಡಿ.

ಮೊದಲನೇ ವಾರ ಹಾರಿಸಿಬಿಡಿ. ಅಮೆರಿಕದಲ್ಲಿ ಬಣ್ಣ ನೋಡಿ ವೋಟು ತಡೀಬಾರ್ದು ಅಂದ 1870ರ 15ನೇ ತಿದ್ದುಪಡಿ, ಹೆಂಗಸ್ರಿಗೆ ವೋಟು ಕೊಟ್ಟ 1920ರ 19ನೇ ತಿದ್ದುಪಡಿ, 1965ರ ವೋಟಿಂಗ್ ರೈಟ್ಸ್ ಆಕ್ಟ್, ಇಷ್ಟನ್ನ ಒಂದೂವರೆ ಗಂಟೆ ಎಳ್ದಿದಾರೆ, ಸ್ಕೂಲ್ ಪಾಠದ ಥರ. ಅದ್ರಲ್ಲಿ ನಂಗೆ ಇಷ್ಟ ಆಗಿದ್ದು ಶರ್ಲಿ ಚಿಸಮ್ ಬಗ್ಗೆ ಇದ್ದ ಹತ್ತು ನಿಮಿಷ ಅಷ್ಟೇ. 1968ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಗೆದ್ದ ಮೊದಲ ಕಪ್ಪು ಹೆಣ್ಣುಮಗಳು, 1972ರಲ್ಲಿ ಪ್ರೆಸಿಡೆಂಟ್ ಆಗೋಕೆ ಡೆಮಾಕ್ರಟಿಕ್ ಪಾರ್ಟಿ ಟಿಕೆಟ್ ಕೇಳಿದೋರು. ಕಪ್ಪು ಅನ್ನೋದಕ್ಕಿಂತ ಹೆಣ್ಣು ಅನ್ನೋದೇ ನಂಗೆ ಜಾಸ್ತಿ ಅಡ್ಡ ಬಂತು ಅಂತ ಆಕೆ ಮತ್ತೆ ಮತ್ತೆ ಹೇಳ್ತಿದ್ರಂತೆ. ಇಂಥ ಮಾತು ಸಿಕ್ಕಿದ್ಮೇಲೆ ಪಾಠ ಮಾಡೋ ಮೇಡಮ್ ಅದನ್ನ ಹಿಡ್ಕೊಂಡು ಮುಂದೆ ಹೋಗ್ಬೇಕಿತ್ತು, ಬಿಟ್ಟು ಕ್ವಿಜ್‌ಗೆ ಹಾರಿಬಿಟ್ರು.

ಎರಡನೇ ವಾರದಿಂದ ಮಜಾ ಶುರು. ಜನ ಸರ್ವೆಯಲ್ಲಿ ಸುಳ್ಳು ಹೇಳ್ತಾರಾ ಅನ್ನೋ ಪ್ರಶ್ನೆ. 1982ರಲ್ಲಿ ಲಾಸ್ ಏಂಜಲೀಸ್ ಮೇಯರ್, ಕಪ್ಪು ಜನಾಂಗದ ಟಾಮ್ ಬ್ರಾಡ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಸ್ಥಾನಕ್ಕೆ ನಿಂತಿದ್ರು, ಸರ್ವೆಗಳಲ್ಲಿ ಮುಂದೆ ಇದ್ರು, ಎಣಿಕೆ ಮುಗಿಯೋ ಹೊತ್ತಿಗೆ ಒಂದು ಪರ್ಸೆಂಟ್ ಚಿಲ್ರೆಯಲ್ಲಿ ಸೋತ್ರು. ಅಲ್ಲಿಂದ ಬಂದಿದ್ದು ‘ಬ್ರಾಡ್ಲಿ ಎಫೆಕ್ಟ್’ ಅನ್ನೋ ಹೆಸರು, ಅಂದ್ರೆ ಬಿಳಿ ವೋಟರ್ ಸರ್ವೆಯವನ ಮುಂದೆ ಒಳ್ಳೆಯವನಾಗೋಕೆ ಹೌದು ಅಂದು ಒಳಗೆ ಹೋಗಿ ಬೇರೆಯವ್ರಿಗೆ ಒತ್ತಿ ಬರ್ತಾನೆ ಅಂತ. ಇದು ನಂಗೂ ಗೊತ್ತಿತ್ತು. ಗೊತ್ತಿಲ್ದೆ ಇದ್ದಿದ್ದು ಇನ್ನೊಂದು ಮಗ್ಗುಲು. ಅದೇ ದಿನ ಕೈಬಂದೂಕು ನಿಯಂತ್ರಣದ ಮೇಲೂ ಮತದಾನ ಇತ್ತು, ಬಂದೂಕು ಇಟ್ಕೊಂಡಿರೋ ಜನ ಗುಂಪುಗುಂಪಾಗಿ ಬಂದಿದ್ರು, ಪೋಸ್ಟಲ್ ವೋಟ್ ಬೇರೆ ಎದುರಾಳಿ ಕಡೆ ವಾಲಿತ್ತು, ಹಾಗಾಗಿ ಸೋಲಿಗೆ ಬರೀ ಬಣ್ಣ ಕಾರಣ ಅಂತ ಕಣ್ಮುಚ್ಚಿ ಹೇಳೋಕಾಗಲ್ಲ. 1989ರಲ್ಲಿ ವರ್ಜೀನಿಯಾದಲ್ಲಿ ಗವರ್ನರ್ ಸ್ಥಾನಕ್ಕೆ ನಿಂತ ಕಪ್ಪು ಕ್ಯಾಂಡಿಡೇಟ್ ಡಗ್ಲಸ್ ವೈಲ್ಡರ್‌ಗೂ ಹೀಗೇ ಆಯ್ತು, ಸರ್ವೆಯಲ್ಲಿ ಸುಲಭವಾಗಿ ಗೆಲ್ತಾರೆ ಅಂತಿದ್ದಿದ್ದು ಅರ್ಧ ಪರ್ಸೆಂಟಿಗಿಂತ ಕಮ್ಮಿ ಅಂತರದ ಗೆಲುವಿಗೆ ಇಳೀತು. ಆದ್ರೆ 1990ರ ದಶಕದ ಮಧ್ಯದಿಂದೀಚೆ ಆ ವ್ಯತ್ಯಾಸ ಹೆಚ್ಚುಕಮ್ಮಿ ಮಾಯ ಆಗಿದೆ ಅಂತ ಆಮೇಲಿನ ಅಧ್ಯಯನ ತೋರಿಸತ್ತೆ. ಟೀವಿಯವ್ರು ಮಾತ್ರ ಇವತ್ತಿಗೂ ಬ್ರಾಡ್ಲಿ ಬ್ರಾಡ್ಲಿ ಅಂತಿರ್ತಾರೆ.

ಇದೇ ವಾರ ಇನ್ನೊಂದು ಟ್ರಿಕ್ ತೋರಿಸಿದ್ರು, ನಂಗೆ ಸಖತ್ ಹಿಡಿಸ್ತು. ‘ಹೆಣ್ಣು ಪ್ರೆಸಿಡೆಂಟ್ ಆದ್ರೆ ನಿಮಗೆ ಓಕೇನಾ’ ಅಂತ ನೇರ ಕೇಳಿದ್ರೆ ಎಲ್ಲಾರೂ ಓಕೆ ಅಂತಾರೆ. ಅದಕ್ಕೆ ಹಾಗೆ ಕೇಳೋದೇ ಇಲ್ಲ. ಜನರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ನಾಲ್ಕು ವಾಕ್ಯ ಕೊಡ್ತಾರೆ, ಪೆಟ್ರೋಲ್ ರೇಟ್ ಏರ್ತಾನೇ ಇರೋದು, ಆಟಗಾರರಿಗೆ ಕೋಟಿಗಟ್ಲೆ ಕಾಂಟ್ರಾಕ್ಟ್, ಸೀಟ್ ಬೆಲ್ಟ್ ಕಡ್ಡಾಯ, ದೊಡ್ಡ ಕಂಪನಿಗಳು ಪರಿಸರ ಹಾಳು ಮಾಡೋದು. ಇದ್ರಲ್ಲಿ ಎಷ್ಟಕ್ಕೆ ಸಿಟ್ಟು ಬರತ್ತೆ, ಸಂಖ್ಯೆ ಮಾತ್ರ ಹೇಳಿ, ಯಾವ್ದು ಅಂತ ಬೇಡ. ಇನ್ನೊಂದು ಗುಂಪಿಗೂ ಅದೇ ನಾಲ್ಕು, ಜೊತೆಗೆ ಐದನೇದು, ಹೆಣ್ಣೊಬ್ಬಳು ಪ್ರೆಸಿಡೆಂಟ್ ಆಗೋದು. ಎರಡು ಗುಂಪಿನ ಸರಾಸರಿ ಕಳೆದ್ರೆ ಎಷ್ಟು ಉಳಿಯತ್ತೋ ಅಷ್ಟು ಜನಕ್ಕೆ ಐದನೇದ್ರ ಮೇಲೆ ಸಿಟ್ಟು ಅಂತ ಅರ್ಥ, ಯಾರ ಬಾಯಿಂದಲೂ ಅದನ್ನ ಹೇಳಿಸ್ದೆ. 2008ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಸಿಕ್ಕಿದ್ದು ಸುಮಾರು 26 ಪರ್ಸೆಂಟ್. ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ರು! ಹುಳಿ ಮಾವಿನಕಾಯಿ ಕಚ್ಚದೆ ಮುಖ ನೋಡಿ ಕಂಡುಹಿಡಿದ ಹಾಗೆ.

ಮೂರನೇ ವಾರ. ನಾಲ್ಕು ಸ್ಟಾರ್ ಕೊಡ್ತಿರೋದು ಇದೊಂದಕ್ಕೇ.

ಒಂದು ಪ್ರಾಕ್ಟಿಕಲ್ ಇದೆ. ಸ್ಕ್ರೀನ್ ಮೇಲೆ ಎಡಕ್ಕೊಬ್ರು ಬಲಕ್ಕೊಬ್ರು, ಕಾಲ್ಪನಿಕ ಕ್ಯಾಂಡಿಡೇಟ್‌ಗಳು. ಫೋಟೋ ಇಲ್ಲ, ವಯಸ್ಸು, ಕೆಲ್ಸ, ಎಷ್ಟು ವರ್ಷದ ಅನುಭವ, ಜನಾಂಗ, ಲಿಂಗ, ತೆರಿಗೆ ಬಗ್ಗೆ ನಿಲುವು, ಇಷ್ಟು ಸಾಲು. ಯಾರಿಗೆ ವೋಟು ಅಂತ ಒತ್ತಬೇಕು. ಇಪ್ಪತ್ತು ಜೋಡಿ, ಮೊದಲ ಹತ್ತರಲ್ಲಿ ಪಾರ್ಟಿ ಯಾವ್ದು ಅಂತ ಇರಲ್ಲ, ಕೊನೇ ಹತ್ತರಲ್ಲಿ ಇರತ್ತೆ. ಪ್ರತಿ ಸಲ ಎಲ್ಲಾ ಗುಣಗಳನ್ನ ಚೀಟಿ ಎತ್ತಿದ ಥರ ಕಲಸಿ ಕೊಡೋದ್ರಿಂದ ಯಾವ ಸಾಲು ನಿಮ್ಮನ್ನ ಎಳೀತು ಅಂತ ಕೊನೇಲಿ ಲೆಕ್ಕ ಸಿಗತ್ತೆ. ಇದಕ್ಕೆ ಕಾನ್‌ಜಾಯಿಂಟ್ ಅಂತಾರೆ, ಸೋಪು ಫೋನು ಮಾರೋ ಕಂಪನಿಗಳು ಬಳಸ್ತಿದ್ದ ವಿದ್ಯೆ, ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ರಾಜಕೀಯ ಸಂಶೋಧಕರು ಎತ್ಕೊಂಡು ಕೂತಿದಾರೆ.

ನಾನು ಏನ್ ಅಂದ್ಕೊಂಡಿದ್ದೆ, ನನಗೆ ಇದೆಲ್ಲ ಲೆಕ್ಕಕ್ಕಿಲ್ಲ, ನಿಲುವು ನೋಡ್ತೀನಿ ಅಷ್ಟೇ ಅಂತ. ಪಾರ್ಟಿ ಇಲ್ದೆ ಇರೋ ಹತ್ತರಲ್ಲಿ ಒಂದು ಗಂಡು ಒಂದು ಹೆಣ್ಣು ಇದ್ದ ಜೋಡಿ ಆರು ಬಂದಿತ್ತು, ಐದ್ರಲ್ಲಿ ಗಂಡಸಿಗೇ ಒತ್ತಿದೀನಿ. ಅಕ್ಕ ಪಕ್ಕದಲ್ಲೇ ಕೂತಿದ್ಲು. “ಅದು ಅನುಭವ ಜಾಸ್ತಿ ಇತ್ತು ಕಣೇ ಅವ್ರಿಗೆ” ಅಂದೆ. ಅವ್ಳು ಮೌಸ್ ಕಿತ್ಕೊಂಡು ಹಿಂದಕ್ಕೆ ಸ್ಕ್ರೋಲ್ ಮಾಡಿ ತೋರಿಸಿದ್ಲು, ನಾಲ್ಕನೇ ಜೋಡಿ, ಹೆಂಗಸಿಗೆ ಹನ್ನೆರಡು ವರ್ಷ, ನಾನು ಒತ್ತಿದ ಗಂಡಸಿಗೆ ನಾಲ್ಕು. ಒಂಬತ್ತನೇದೂ ಹಂಗೇ. “ಲೋ, ಅನುಭವದ ಸಾಲು ನಿಂಗೆ ಬೇಕಾದಾಗ ಮಾತ್ರ ಕಾಣ್ಸತ್ತೇನೋ?” ಅಂದ್ಲು. ನಾನು ತುಟಿ ಪಿಟಕ್ ಅನ್ಲಿಲ್ಲ.

ಪಾರ್ಟಿ ಸಾಲು ಬಂದ ಮೇಲಿನ ಹತ್ತರಲ್ಲಿ ಗಂಡು ಹೆಣ್ಣು ಕಪ್ಪು ಬಿಳಿ ಎಲ್ಲಾ ಮಾಯ. ಪಾರ್ಟಿ ನೋಡಿ ಒತ್ಕೊಂಡು ಹೋಗಿದೀನಿ, ಹತ್ತಕ್ಕೆ ಹತ್ತು. ಇದು ನನ್ನೊಬ್ಬನ ಕಥೆ ಅಲ್ಲ ಅಂತ ಮುಂದಿನ ವಿಡಿಯೋದಲ್ಲಿ ಗೊತ್ತಾಯ್ತು. 2008ರಲ್ಲಿ ಒಬಾಮಾಗೆ ಎಕ್ಸಿಟ್ ಪೋಲ್ ಪ್ರಕಾರ ಬಿಳಿಯರಲ್ಲಿ 43 ಪರ್ಸೆಂಟ್ ಸಿಕ್ಕಿತ್ತು, ಅದಕ್ಕೆ ಮುಂಚೆ 2004ರಲ್ಲಿ ಬಿಳಿಯರೇ ಆದ ಜಾನ್ ಕೆರಿಗೆ ಸಿಕ್ಕಿದ್ದು 41. ಕಪ್ಪು ವೋಟರ್‌ಗಳಲ್ಲಿ ಒಬಾಮಾಗೆ 95, ಕೆರಿಗೆ 88. ಅಂದ್ರೆ ಬಣ್ಣ ಏನೂ ಮಾಡ್ಲಿಲ್ಲ ಅಂತಲ್ಲ, ಆದ್ರೆ ಬಹುಪಾಲು ವೋಟು ಪಾರ್ಟಿ ಜಾಡಲ್ಲೇ ನಿಂತಿತ್ತು, ಬಣ್ಣ ಅದ್ರ ಮೇಲೆ ಬಿದ್ದ ಒಗ್ಗರಣೆ. ಹಿಲರಿ ಕ್ಲಿಂಟನ್ ಕಥೆನೂ ಅದೇ. ಹೆಂಗಸ್ರು ಹೆಂಗಸಿಗೇ ಹಾಕ್ತಾರೆ ಅಂತ 2016ರಲ್ಲಿ ಎಲ್ಲಾ ಕಡೆ ಮಾತು, ಬಂದಿದ್ದೇನು, ಬಿಳಿ ಹೆಂಗಸರಲ್ಲಿ ಟ್ರಂಪ್‌ಗೆ 52 ಅಂತ ಎಕ್ಸಿಟ್ ಪೋಲ್, ಆಮೇಲೆ ನಿಜವಾಗ್ಲೂ ವೋಟ್ ಹಾಕಿದೋರ ದಾಖಲೆ ಜೊತೆ ತಾಳೆ ನೋಡಿದ್ರೆ 47ಕ್ಕೆ 45, ಆದ್ರೂ ಟ್ರಂಪೇ ಮುಂದೆ. ಅದೇ ಕಪ್ಪು ಹೆಂಗಸರಲ್ಲಿ ಕ್ಲಿಂಟನ್‌ಗೆ 94. ‘ಮಹಿಳಾ ಮತ’ ಅಂತ ಒಂದೇ ಗಂಟು ಇರತ್ತೆ ಅಂತ ಇನ್ಮೇಲೆ ಯಾರಾದ್ರೂ ಅಂದ್ರೆ ನಾನು ಈ ಎರಡು ನಂಬರ್ ಎದುರಿಗಿಡ್ತೀನಿ.

ಒಂದು ವಿಚಿತ್ರ ಏನಂದ್ರೆ ಈ ಪ್ರಾಕ್ಟಿಕಲ್ ಥರದ 67 ಪ್ರಯೋಗಗಳನ್ನ ಒಟ್ಟಿಗೆ ಲೆಕ್ಕ ಹಾಕಿದ 2022ರ ಒಂದು ಅಧ್ಯಯನದಲ್ಲಿ ಹೆಣ್ಣು ಕ್ಯಾಂಡಿಡೇಟಿಗೆ ಸರಾಸರಿ ಎರಡು ಪರ್ಸೆಂಟ್‌ನಷ್ಟು ಲಾಭನೇ ಕಂಡಿದೆ. ಹಂಗಿದ್ರೆ ಹೆಂಗಸ್ರು ಯಾಕೆ ಕಮ್ಮಿ ಗೆಲ್ತಾರೆ? ಗೆಲ್ಲೋದು ಆಮೇಲೆ, ಟಿಕೆಟ್ ಸಿಗೋದೇ ಕಮ್ಮಿ. ನಿಲ್ಲಿ ಅಂತ ಯಾರೂ ಕೇಳಲ್ಲ, ನಿಂತ್ರೆ ಗೆಲ್ಲಲ್ಲ ಅಂತ ಪಾರ್ಟಿಯವ್ರೇ ತೀರ್ಮಾನ ಮಾಡಿರ್ತಾರೆ. ಹಂಗಂತ ನನ್ನ ಆರಕ್ಕೆ ಐದು ತೊಳೆದುಹೋಗಲ್ಲ, ಸರಾಸರಿ ಅಂದ್ರೆ ಎಲ್ರೂ ಅಲ್ಲವಲ್ಲ.

ಆಮೇಲೆ ಅಕ್ಕ ತಾನೂ ಮಾಡ್ತೀನಿ ಅಂತ ಕೂತ್ಲು. ಹೆಂಗಸರಿಗೇ ಪಟಪಟ ಒತ್ಕೊಂಡು ಹೋದ್ಲು, ಮೊದಲ ಹತ್ತರಲ್ಲೇ ಒಂದು ಕಡೆ ಟ್ರಾನ್ಸ್ ಮಹಿಳೆ, ವಕೀಲೆ, ಹತ್ತು ವರ್ಷ ಅನುಭವ, ತೆರಿಗೆ ಬಗ್ಗೆ ಅಕ್ಕನ ಅಭಿಪ್ರಾಯವೇ. ಕೈ ನಿಂತೋಯ್ತು. ಒಂದೈದು ಸೆಕೆಂಡು. ಆಮೇಲೆ ಎದುರು ಕಡೆಯವ್ರಿಗೆ ಒತ್ತಿ, “ನಂಗೇನೂ ಇಲ್ಲ ಕಣೋ, ಜನ ಇವ್ರನ್ನ ಗೆಲ್ಸಲ್ಲ ಅನ್ಸತ್ತೆ” ಅಂದ್ಲು. ಮನೆಯಲ್ಲಿ ಕೂತು ಆಡೋ ಆಟದಲ್ಲೂ ಗೆಲ್ಸಲ್ಲ ಅನ್ನೋ ಲೆಕ್ಕ! ಇದಕ್ಕೂ ಒಂದು ಹೆಸರಿದೆ ಅಂತ ನಾಲ್ಕನೇ ವಾರ ಗೊತ್ತಾಯ್ತು, ತಂತ್ರದ ತಾರತಮ್ಯ ಅಂತ ಅನ್ನಬಹುದು, ಅಂದ್ರೆ ನನಗೆ ದ್ವೇಷ ಇಲ್ಲ, ಪಕ್ಕದ ಮನೆಯವನಿಗೆ ಇರಬಹುದು, ಅದಕ್ಕೆ ನಾನೂ ಹಾಕಲ್ಲ. ಪಕ್ಕದವನೂ ಅದನ್ನೇ ಅಂದ್ಕೊಂಡ್ರೆ ಯಾರಿಗೂ ದ್ವೇಷ ಇಲ್ದೇನೇ ಕ್ಯಾಂಡಿಡೇಟ್ ಸೋಲ್ತಾರೆ. 2020ರ ಡೆಮಾಕ್ರಟಿಕ್ ಟಿಕೆಟ್‌ಗೆ ಆರು ಜನ ಹೆಂಗಸರು ಸ್ಪರ್ಧೆಗೆ ಇಳಿದಾಗ ವರ್ಷಪೂರ್ತಿ ನಡೆದಿದ್ದು ಇದೇ ಚರ್ಚೆ, ಇವ್ರು ಗೆಲ್ತಾರಾ ಗೆಲ್ಲಲ್ವಾ ಅಂತ. ಕೋರ್ಸಲ್ಲಿ ಇದಕ್ಕೆ ಆರು ನಿಮಿಷ ಕೊಟ್ಟಿದಾರೆ. ಆರೇ ನಿಮಿಷ! ಮೊದಲ ವಾರದ ತಿದ್ದುಪಡಿ ಪಾಠಕ್ಕೆ ಕತ್ತರಿ ಹಾಕಿ ಇಲ್ಲಿಗೆ ಸೇರಿಸ್ಬೇಕಿತ್ತು.

ನನ್ನ ದೊಡ್ಡ ಕಂಪ್ಲೇಂಟ್ ಐದನೇ ವಾರದ್ದು. ಲಿಂಗ ಗುರುತು ಅಂತ ಬೋರ್ಡ್ ಹಾಕಿ ಒಳಗಡೆ ಮುಕ್ಕಾಲು ಪಾಲು ಗಂಡು ಹೆಣ್ಣಿನ ಕಥೆನೇ. ಟ್ರಾನ್ಸ್ ಕ್ಯಾಂಡಿಡೇಟ್‌ಗಳಿಗೆ ಇಪ್ಪತ್ತು ನಿಮಿಷ, ಅದ್ರಲ್ಲೂ 2024ರಲ್ಲಿ ಡೆಲವೇರ್‌ನಿಂದ ಅಮೆರಿಕದ ಕಾಂಗ್ರೆಸ್‌ಗೆ ಗೆದ್ದ ಸಾರಾ ಮೆಕ್‌ಬ್ರೈಡ್ ಒಬ್ರನ್ನ ತೋರಿಸಿ ಮುಗಿಸಿದಾರೆ. ಡ್ಯಾನಿಕಾ ರೋಮ್ ಎಲ್ಲಿ? 2017ರಲ್ಲಿ ವರ್ಜೀನಿಯಾ ವಿಧಾನಸಭೆಗೆ ನಿಂತಾಗ ಎದುರಿಗಿದ್ದವ್ರು ಬಾಬ್ ಮಾರ್ಷಲ್, ಇಪ್ಪತ್ತೈದು ವರ್ಷದಿಂದ ಕೂತಿದ್ದೋರು, ಟ್ರಾನ್ಸ್ ಜನ ಯಾವ ಬಾತ್‌ರೂಮ್ ಬಳಸಬೇಕು ಅಂತ ಮಸೂದೆ ತಂದೋರು. ರೋಮ್ ಪ್ರಚಾರದಲ್ಲಿ ಹಿಡಿದಿದ್ದು ರೂಟ್ 28 ಅನ್ನೋ ರಸ್ತೆಯ ಟ್ರಾಫಿಕ್ ಜಾಮ್. ಯಾರೇ ಆಗಿರ್ಲಿ, ಆ ರಸ್ತೆಯಲ್ಲಿ ಸಿಕ್ಕಾಕೊಂಡೋರಿಗೆ ಮನೆ ಸೇರೋದು ಮುಖ್ಯ ತಾನೇ. ಗೆದ್ರು. ಅದಕ್ಕೂ ಮುಂಚೆ ನ್ಯೂಜಿಲೆಂಡ್‌ನ ಜಾರ್ಜಿನಾ ಬೇಯರ್, ಅಲ್ಲಿನ ಮೂಲನಿವಾಸಿ ಮಾವೋರಿ ಜನಾಂಗದವ್ರು, ಟ್ರಾನ್ಸ್ ಮಹಿಳೆ, 1995ರಲ್ಲಿ ಕಾರ್ಟರ್ಟನ್ ಅನ್ನೋ ಸಣ್ಣ ಊರಿನ ಮೇಯರ್, 1999ರಲ್ಲಿ ರೈತರೇ ಜಾಸ್ತಿ ಇರೋ ವೈರರಾಪಾ ಕ್ಷೇತ್ರದಿಂದ ಎಂಪಿ. ಜನಾಂಗ ಮತ್ತೆ ಲಿಂಗ ಎರಡೂ ಒಬ್ರಲ್ಲೇ ಇರೋ ಉದಾಹರಣೆ, ಇಡೀ ಕೋರ್ಸಿಗೆ ಹೇಳಿ ಮಾಡಿಸಿದ ಹಾಗಿದೆ, ಒಂದು ಸಾಲೂ ಇಲ್ಲ. ಮಧ್ಯಪ್ರದೇಶದ ಸೋಹಾಗ್‌ಪುರದಿಂದ 2000ನೇ ಇಸವಿಯಲ್ಲೇ ಎಮ್ಮೆಲ್ಲೆ ಆದ ಶಬನಮ್ ಮೌಸಿ ಹೆಸರನ್ನಂತೂ ಇವ್ರು ಕೇಳೇ ಇಲ್ವೇನೋ. ಡಿಸ್ಕಷನ್ ಪೇಜಲ್ಲಿ ಈ ಮೂರೂ ಬರ್ದೆ, ‘ಗ್ರೇಟ್ ಇನ್‌ಪುಟ್’ ಅಂತ ಒಂದು ರೆಡಿಮೇಡ್ ಉತ್ತರ ಬಂತು.

ಕೊನೇ ವಾರ, ಈ ಪೂರ್ವಗ್ರಹ ಬದಲಾಗತ್ತಾ ಅಂತ. ಇಲ್ಲಿ ಮಾತ್ರ ಭಾರತಕ್ಕೆ ಜಾಗ ಸಿಕ್ಕಿದೆ, ಸಿಗಲೇಬೇಕಿತ್ತು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಒಂದೇ ಭಾಷಣವನ್ನ ಒಂದು ಸಲ ಗಂಡು ದನಿಯಲ್ಲಿ ಒಂದು ಸಲ ಹೆಣ್ಣು ದನಿಯಲ್ಲಿ ಕೇಳಿಸಿದಾರೆ. ಮಹಿಳಾ ಮೀಸಲಾತಿ ಬರದೇ ಇದ್ದ ಹಳ್ಳಿಗಳಲ್ಲಿ ಗಂಡಸರು ಹೆಣ್ಣು ದನಿಗೆ ಕಮ್ಮಿ ಮಾರ್ಕ್ಸ್ ಕೊಟ್ರು, ಮಹಿಳಾ ಪ್ರಧಾನರನ್ನ, ಅಂದ್ರೆ ಪಂಚಾಯ್ತಿ ಮುಖ್ಯಸ್ಥೆಯರನ್ನ, ಕಂಡಿದ್ದ ಹಳ್ಳಿಗಳಲ್ಲಿ ಆ ಅಂತರ ಹೆಚ್ಚುಕಮ್ಮಿ ಅಳಿಸಿಹೋಗಿತ್ತು. ಮುಂಬೈ ಪಾಲಿಕೆಯಲ್ಲಿ 1997ರಲ್ಲಿ ಮೀಸಲಾಗಿದ್ದ ವಾರ್ಡುಗಳು 2002ರಲ್ಲಿ ಎಲ್ರಿಗೂ ತೆರೆದಾಗ, ಮೀಸಲು ಇರದಿದ್ದ ವಾರ್ಡುಗಳಿಗಿಂತ ಅಲ್ಲಿ ಹೆಣ್ಣು ಗೆಲ್ಲೋ ಸಾಧ್ಯತೆ ಸುಮಾರು ಐದು ಪಟ್ಟು. ಅಕ್ಕನ ‘ಗೆಲ್ಸಲ್ಲ’ ಮಾತಿಗೆ ಇದೇ ಉತ್ತರ ಅಂತ ನಂಗನ್ಸಿತು, ಒಂದು ಸಲ ಗೆದ್ದು ತೋರಿಸಿದ್ರೆ ಲೆಕ್ಕ ಹಾಕೋರ ಬಾಯಿ ಮುಚ್ಚತ್ತೆ.

ಸಣ್ಣಪುಟ್ಟ ತಕರಾರು ಹೇಳಿಬಿಡ್ತೀನಿ. ಸಬ್‌ಟೈಟಲ್ ಮೆಷಿನ್ ಬರೆದಿದ್ದು, ಹೆಸರುಗಳೆಲ್ಲ ಹಾಳು. ಕ್ವಿಜ್‌ನಲ್ಲಿ ಬ್ರಾಡ್ಲಿ ಸೋತ ಕಾರಣಕ್ಕೆ ಒಂದೇ ಉತ್ತರ ಸರಿ ಅಂತ ಇಟ್ಟಿದಾರೆ, ಪಾಠದಲ್ಲಿ ಮೂರು ಹೇಳಿ! ಮೊಬೈಲಲ್ಲಿ ಆ ಪ್ರಾಕ್ಟಿಕಲ್ ಮಾಡೋಕೆ ಹೋಗ್ಬೇಡಿ, ಬಲಗಡೆ ಕ್ಯಾಂಡಿಡೇಟ್ ಅರ್ಧ ಕಾಣಲ್ಲ, ಎಡಗಡೆಯವ್ರಿಗೇ ಒತ್ತೋ ಹಾಗಾಗತ್ತೆ, ಅದೂ ಒಂದು ಥರ ಪಕ್ಷಪಾತವೇ.

ಎರಡು ಮೂರು ನಾಲ್ಕನೇ ವಾರ ನೋಡಿ, ಆರನೇದು ಟೈಮ್ ಇದ್ರೆ. ಪ್ರಾಕ್ಟಿಕಲ್ ಒಂದು ಅಕೌಂಟಿಗೆ ಒಂದೇ ಸಲ, ಆದ್ರೂ ನನ್ನ ಲಾಗಿನ್‌ನಲ್ಲಿ ಅಕ್ಕ ಕೂತಾಗ ಅದು ಹೆಂಗೋ ಓಪನ್ ಆಗಿತ್ತು, ನಮ್ಮಿಬ್ರ ಲೆಕ್ಕ ಸೇರ್ಕೊಂಡು ಫೈನಲ್ ರಿಪೋರ್ಟಲ್ಲಿ ನಾನು ತುಂಬಾ ಸಮತೋಲನದ ಮನುಷ್ಯ ಅಂತ ಬಂದಿದೆ. ಅಕ್ಕ ಈಗ ಹೊಸ ಇಮೇಲ್ ಐಡಿ ಮಾಡ್ಕೊಂಡು ಆ ವಕೀಲೆ ಮತ್ತೆ ಬರ್ತಾರಾ ಅಂತ ನೋಡ್ತಿದಾಳೆ.