ಪಾಲು ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ

ಪ್ರಶ್ನೋತ್ತರ ತಾಣಗಳಲ್ಲಿ ಆಸ್ತಿ, ಪಾಲು, ಖಾತೆಗಳ ಬಗ್ಗೆ ಕನ್ನಡದಲ್ಲಿ ಉತ್ತರ ಬರೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ವಕೀಲರಾಗಿರಬಹುದು, ಕಂದಾಯ ಇಲಾಖೆಯಿಂದ ನಿವೃತ್ತರಾಗಿರಬಹುದು, ನನ್ನಂತೆ ಉಪನೋಂದಣಾಧಿಕಾರಿ ಕಚೇರಿಯ ಎದುರು ಕುಳಿತು ಪತ್ರ ಬರೆಯುವವರಾಗಿರಬಹುದು. ಅಲ್ಲಿ ಹಾಜರಿಲ್ಲದ ಇನ್ನೊಬ್ಬರಿಗೆ ಹಕ್ಕು ಇದೆಯೇ ಇಲ್ಲವೇ ಎಂದು ಯಾರಾದರೂ ಕೇಳಿದರೆ ದಯವಿಟ್ಟು ಉತ್ತರಿಸಬೇಡಿ. ಕಾನೂನು ನಿಮಗೆ ಬಾಯಿಪಾಠವೇ ಆಗಿದ್ದರೂ ಬೇಡ. ಕಾನೂನು ಸರಿಯಾಗಿಯೇ ಬರೆದು ನಾನು ಪಟ್ಟ ಪಾಡು ಕೇಳಿ.

ಹೆಸರು ಹೇಳದ ಯಾರೋ ಒಬ್ಬರು ಕೇಳಿದ್ದರು: ‘ತಂದೆ ಸ್ವಂತ ದುಡಿಮೆಯಿಂದ ಕೊಂಡ ಜಮೀನನ್ನು ಮಗನ ಹೆಸರಿಗೆ ಉಯಿಲು ಬರೆದು ತೀರಿಕೊಂಡಿದ್ದಾರೆ. ಮದುವೆಯಾದ ಮಗಳಿಗೆ ಅದರಲ್ಲಿ ಪಾಲು ಇದೆಯೇ?’ ಇದರಲ್ಲಿ ತಲೆಕೆಡಿಸಿಕೊಳ್ಳುವುದೇನೂ ಇರಲಿಲ್ಲ. ‘ಇಲ್ಲ. ಇಂಥ ಆಸ್ತಿಯನ್ನು ತಂದೆ ತನಗೆ ಬೇಕಾದವರಿಗೆ ಕೊಡಬಹುದು’ ಎಂದು ಶುರು ಮಾಡಿ, ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು, ನೋಂದಣಿ ಮಾತ್ರ ಕಡ್ಡಾಯವಲ್ಲ, ಉಯಿಲೇ ಅನುಮಾನಾಸ್ಪದವಾಗಿದ್ದರೆ ಮಗಳು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂದು ಕೆಳಗೆ ವಿವರಿಸಿದ್ದೆ. ಉತ್ತರಕ್ಕೆ ಮೆಚ್ಚುಗೆಗಳು ಬಂದವು, ಮರೆತೂಬಿಟ್ಟೆ.

ಕೆಲವು ತಿಂಗಳಾದ ಮೇಲೆ ನನ್ನ ಅಂಗಡಿಗೆ ಒಬ್ಬ ಹೆಣ್ಣುಮಗಳು ಕಾಲೇಜಿಗೆ ಹೋಗುವ ಮಗನನ್ನು ಕರೆದುಕೊಂಡು ಬಂದರು. ಪಕ್ಕದ ತಾಲ್ಲೂಕಿನವರು. ನನ್ನ ಪರಿಚಯದ ಸಾಲಿನಲ್ಲಿ ಊರು, ಕಸುಬು ಎರಡೂ ಇದ್ದುದರಿಂದ ಹುಡುಕುವುದು ಕಷ್ಟವಾಗಿರಲಿಲ್ಲ. ‘ಹೆಣ್ಣುಮಕ್ಕಳಿಗೆ ಪಾಲಿಲ್ಲ ಎಂದು ನೀವೇ ಬರೆದಿದ್ದೀರಂತಲ್ಲ ಸರ್, ನಮ್ಮಣ್ಣ ತೋರಿಸಿದ’ ಎಂದರು. ಆ ದನಿಯಲ್ಲಿ ಜಗಳವಿರಲಿಲ್ಲ. ಬರೆದದ್ದು ಹೌದೋ ಅಲ್ಲವೋ ಎಂದು ವಿಚಾರಿಸಲಷ್ಟೇ ಬಂದಂತಿತ್ತು. ಮಗ ಮೊಬೈಲ್ ಮುಂದೆ ಹಿಡಿದ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಸೋದರಮಾವ ಹಾಕಿದ್ದ ಚಿತ್ರ. ಮೇಲೆ ಪ್ರಶ್ನೆ: ‘ಮದುವೆಯಾದ ಮಗಳಿಗೆ ತಂದೆಯ ಜಮೀನಿನಲ್ಲಿ ಪಾಲು ಇದೆಯೇ?’ ಅದರ ಕೆಳಗೆ ನನ್ನ ಫೋಟೊ, ನನ್ನ ಹೆಸರು, ನನ್ನ ಮೊದಲ ಸಾಲು. ಉಳಿದದ್ದೆಲ್ಲ ಕತ್ತರಿಸಿ ಹೋಗಿತ್ತು.

ಅವರನ್ನು ಕೂರಿಸಿ ಅದೇ ಪುಟವನ್ನು ತೆರೆದೆ. ಆ ತಾಣದಲ್ಲಿ ಯಾರು ಬೇಕಾದರೂ ಯಾರ ಪ್ರಶ್ನೆಯನ್ನು ಬೇಕಾದರೂ ತಿದ್ದಬಹುದು. ತಿದ್ದಿದ್ದರ ದಾಖಲೆ ಒಂದು ಮೂಲೆಯಲ್ಲಿರುತ್ತದೆ, ಅದನ್ನು ತೆರೆದು ನೋಡುವವರು ಕಡಿಮೆ. ಅಲ್ಲಿ ‘ಸ್ವಂತ ದುಡಿಮೆಯಿಂದ ಕೊಂಡ’ ಎಂಬುದಕ್ಕೂ ‘ಉಯಿಲು ಬರೆದು’ ಎಂಬುದಕ್ಕೂ ಕೆಂಪು ಗೆರೆ ಬಿದ್ದಿತ್ತು. ‘ಇಂಥ ಆಸ್ತಿ’ ಎಂದು ನಾನು ಬರೆದದ್ದು ಈಗ ತಂದೆಯ ಯಾವುದೇ ಆಸ್ತಿಗೂ ಅನ್ವಯವಾಗುವಂತೆ ಕಾಣುತ್ತಿತ್ತು. ತಿದ್ದಿದವರು ಆ ಮನೆಯವರೋ, ಪ್ರಶ್ನೆಯನ್ನು ‘ಚುಟುಕು’ ಮಾಡುವ ಉಮೇದಿನ ಬೇರೆ ಯಾರೋ, ಇಂದಿಗೂ ಗೊತ್ತಾಗಿಲ್ಲ. ಎರಡನೆಯದೇ ನಿಜವಾಗಿದ್ದರೂ ಫಲ ಒಂದೇ.

ಆಕೆ ಪ್ಲಾಸ್ಟಿಕ್ ಕವರಿನಿಂದ ಪಹಣಿಯ ಜೆರಾಕ್ಸ್ ತೆಗೆದುಕೊಟ್ಟರು. ಒಂಬತ್ತನೇ ಕಾಲಂನಲ್ಲಿ ಇನ್ನೂ ತೀರಿಕೊಂಡ ತಂದೆಯದೇ ಹೆಸರು. ಪೌತಿ ಖಾತೆಯೇ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದೇ, ಆಗಿಲ್ಲ. ಹತ್ತನೇ ಕಾಲಂನಲ್ಲಿ ಜಮೀನು ಬಂದ ಬಗೆ ಇರುತ್ತದೆ. ಅಲ್ಲಿದ್ದದ್ದು ಕ್ರಯವಲ್ಲ, ತಾತ ತೀರಿಕೊಂಡಾಗ ಆದ ಪೌತಿ. ಅಂದರೆ ತಂದೆ ಕೊಂಡ ಜಮೀನೇ ಅಲ್ಲ. ‘ಉಯಿಲು ಏನಾದರೂ ಇತ್ತೇನಮ್ಮಾ?’ ಎಂದು ಕೇಳಿದರೆ, ‘ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ ಸರ್, ಅಂಥದ್ದೇನೂ ಮಾಡಿಲ್ಲ’ ಎಂದರು.

ಹಾಗಿದ್ದ ಮೇಲೆ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ವಾದಕ್ಕೆ ಇಳಿಯುವ ಅಗತ್ಯವೂ ಇಲ್ಲ. ಉಯಿಲಿಲ್ಲದೆ ಹಿಂದೂ ಪುರುಷ ತೀರಿಕೊಂಡರೆ ಮಗ, ಮಗಳು, ಹೆಂಡತಿ, ಬದುಕಿದ್ದರೆ ತಾಯಿ, ಎಲ್ಲರೂ ಮೊದಲ ವರ್ಗದ ವಾರಸುದಾರರು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಮಗಳಿಗೆ ಮದುವೆಯಾಗಿದೆಯೇ ಎಂದು ಆ ಕಾಯ್ದೆ ಕೇಳುವುದಿಲ್ಲ. ಪಿತ್ರಾರ್ಜಿತ ಎಂದೇ ವಾದಿಸಿದರೂ, ಕರ್ನಾಟಕದಲ್ಲಿ 1994ರಲ್ಲಿ ಅಂದಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ, 2005ರ ಸೆಪ್ಟೆಂಬರ್ 9ರಿಂದ ದೇಶದಾದ್ಯಂತ ಎಲ್ಲ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂದಿದೆ. ಆ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ವಿಭಾಗವಾಗಿದ್ದರೆ ಮಾತು ಬೇರೆ. ಈ ಮನೆಯಲ್ಲಿ ವಿಭಾಗವೂ ಆಗಿರಲಿಲ್ಲ. ಯಾವ ದಾರಿಯಲ್ಲಿ ಹೋದರೂ ಆಕೆಗೆ ಪಾಲಿತ್ತು, ಮತ್ತು ನನ್ನ ಹೆಸರಿನ ಕೆಳಗೆ ‘ಇಲ್ಲ’ ಎಂದಿತ್ತು.

ಅಷ್ಟರಲ್ಲೇ ಆಕೆ ಸಹಿ ಹಾಕಿ ಆಗಿತ್ತು. ಅಣ್ಣನ ಕಡೆಯವರು ಛಾಪಾ ಕಾಗದದ ಮೇಲೆ ‘ಹಕ್ಕು ಖುಲಾಸೆ’ ಎಂದು ಬರೆಸಿ, ನೋಟರಿ ಮೊಹರು ಹಾಕಿಸಿದ್ದರು. ‘ಇಲ್ಲದ ಪಾಲಿಗೆ ಸಹಿ ಹಾಕಿದರೆ ಕಳೆದುಕೊಳ್ಳುವುದೇನಿದೆ, ಖಾತೆ ಬದಲಾವಣೆಗೆ ಬೇಕಷ್ಟೇ’ ಎಂದಿದ್ದರಂತೆ. ಪಾಲಿಲ್ಲದವರ ಸಹಿ ಖಾತೆಗೆ ಯಾಕೆ ಬೇಕು ಎಂದು ಕೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅದೃಷ್ಟಕ್ಕೆ ಅಣ್ಣನ ಆತುರವೇ ಆಕೆಯನ್ನು ಕಾಪಾಡಿತು. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ನೋಂದಣಿಯಾಗಲೇಬೇಕು. ನೋಟರಿ ಮೊಹರಿನಿಂದ ಹಕ್ಕು ಹೋಗುವುದಿಲ್ಲ. ಆದರೂ ಅಂಥ ಕಾಗದ ಹಿಡಿದು ಮ್ಯುಟೇಷನ್ (ಖಾತೆ ಬದಲಾವಣೆ) ಮಾಡಿಸಲು ಹೊರಡುವವರು ಇದ್ದಾರೆ. ಆದ್ದರಿಂದ ಅಂದೇ ತಹಶೀಲ್ದಾರ್ ಕಚೇರಿಗೆ ತಕರಾರು ಅರ್ಜಿ ಬರೆದುಕೊಟ್ಟೆ, ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸಿದೆ.

ಇನ್ನು ತಾಣದ ಕಥೆ. ಉತ್ತರದ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಈ ಪ್ರಶ್ನೆಯನ್ನು ಬದಲಿಸಲಾಗಿದೆ, ಉತ್ತರ ಹಳೆಯ ಪ್ರಶ್ನೆಗೆ ಬರೆದದ್ದು’ ಎಂದು ಸೇರಿಸಿದೆ. ಯಾರೋ ದೂರು ಕೊಟ್ಟರು. ‘ಇದು ಪ್ರಶ್ನೆಗೆ ಉತ್ತರವಾಗಿಲ್ಲ’ ಎಂಬ ಕಾರಣ ಕೊಟ್ಟು ತಾಣ ಆ ಉತ್ತರವನ್ನು ಮರೆಗೆ ತಳ್ಳಿತು. ತಮಾಷೆ ನೋಡಿ, ಆ ಕಾರಣ ನಿಜವೇ ಆಗಿತ್ತು. ಕೊನೆಗೆ ಅಳಿಸಿದೆ. ಅಳಿಸಿದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಚಿತ್ರ ಅಳಿಯುವುದಿಲ್ಲ. ಬದಲಿಗೆ, ‘ನಿಜ ಬರೆದದ್ದಕ್ಕೆ ಒತ್ತಡ ಹಾಕಿ ಅಳಿಸಿಸಿದರು’ ಎಂದು ಅಣ್ಣನ ಕಡೆಯವರು ಊರಿನಲ್ಲಿ ಹೇಳಿಕೊಂಡು ತಿರುಗಿದರಂತೆ. ನನ್ನ ಹೆಸರನ್ನು ಅಲ್ಲಿ ಎರಡೂ ಕಡೆಯವರು ಬೈಯುತ್ತಾರೆ.

ಪ್ರೋಗ್ರಾಂ ಬರೆಯುವವರ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಇದಕ್ಕೊಂದು ಶಿಸ್ತಿದೆ. 2008ರಿಂದ ನಡೆಯುತ್ತಿರುವ ತಾಣ ಅದು. ವಿವರ ಸಾಲದ ಪ್ರಶ್ನೆಯನ್ನು ಅಲ್ಲಿ ಮುಚ್ಚಿಡುತ್ತಾರೆ, ವಿವರ ಕೊಟ್ಟ ಮೇಲೆ ತೆರೆಯುತ್ತಾರೆ. ಬಂದಿರುವ ಉತ್ತರವನ್ನು ಹುಸಿ ಮಾಡುವಂತೆ ಪ್ರಶ್ನೆಯನ್ನು ತಿದ್ದಿದರೆ ಆ ತಿದ್ದುಪಡಿಯನ್ನೇ ಹಿಂದಕ್ಕೆ ತಿರುಗಿಸುತ್ತಾರೆ. ಕಂಪ್ಯೂಟರಿನ ಎರಡು ಸಾಲು ಕೋಡಿಗೆ ಇರುವ ಈ ಕಾವಲು ನಮ್ಮ ಎರಡು ಎಕರೆ ಜಮೀನಿನ ಪ್ರಶ್ನೆಗೆ ಎಲ್ಲಿದೆ? ಇಲ್ಲದಿರುವಾಗ ಆರಿಸಿ ಉತ್ತರಿಸುವ ಹೊಣೆ ಬರೆಯುವವರ ಮೇಲೇ ಬೀಳುತ್ತದೆ. ತಾಣವಂತೂ ‘ನಿಮ್ಮ ಉತ್ತರ ಕೋರಿದ್ದಾರೆ’ ಎಂದು ದಿನವಿಡೀ ಗಂಟೆ ಬಾರಿಸುತ್ತದೆ. ಆ ಕೋರಿಕೆಗಳಲ್ಲಿ ಬಹುಪಾಲು ಯಂತ್ರ ಕಳಿಸಿದ್ದು. ದಾಕ್ಷಿಣ್ಯ ಬೇಡ.

ನಾನೀಗ ಕೈಬಿಡುವ ಪ್ರಶ್ನೆಗಳಿಗೆ ಗುರುತುಗಳಿವೆ. ಅಕ್ಕ, ತಂಗಿ, ಅತ್ತಿಗೆ, ಚಿಕ್ಕಮ್ಮ, ತೀರಿಕೊಂಡ ಅಣ್ಣನ ಮಕ್ಕಳು ಪ್ರಶ್ನೆಯೊಳಗೆ ಬಂದು, ಅವರ ಮಾತು ಮಾತ್ರ ಬಾರದಿದ್ದರೆ ಮುಂದೆ ಹೋಗುತ್ತೇನೆ. ‘ಅವರ ಸಹಿ ಇಲ್ಲದೆ ಆಗುತ್ತದೆಯೇ’ ಎಂಬುದು ಯಾವ ರೂಪದಲ್ಲಿ ಬಂದರೂ ಬಿಡುತ್ತೇನೆ. ಅದು ಮರೆಯಲ್ಲಿ ಬರುವುದೂ ಉಂಟು. ‘ವಂಶವೃಕ್ಷದಲ್ಲಿ ಮದುವೆಯಾದವರ ಹೆಸರು ಬೇಕೇ?’ ಎಂದು ಕೇಳುವವರಿಗೆ ಬೇಕಿರುವುದು ವಂಶವೃಕ್ಷದ ಜ್ಞಾನವಲ್ಲ. ‘ನಾಳೆ ಬೆಳಿಗ್ಗೆ ನೋಂದಣಿ ಇದೆ, ಬೇಗ ಹೇಳಿ’ ಎಂಬುದಕ್ಕಂತೂ ಕೈ ಹಾಕುವುದೇ ಇಲ್ಲ. ನೋಂದಣಿಯ ಹಿಂದಿನ ರಾತ್ರಿ ಅಪರಿಚಿತರನ್ನು ಕೇಳುವವರು ಬಲ್ಲವರನ್ನು ಬೇಕೆಂದೇ ಕೇಳದೆ ಬಿಟ್ಟಿರುತ್ತಾರೆ ಎಂಬುದು ನನ್ನ ಗುಮಾನಿ.

ಶುಲ್ಕದ ಪ್ರಶ್ನೆಗಳೂ ನಿರುಪದ್ರವಿಯಲ್ಲ. ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1 ಎಂದು ಬರೆದ ಉತ್ತರಗಳು ಈಗಲೂ ಮೊದಲ ಸಾಲಿನಲ್ಲೇ ಸಿಗುತ್ತವೆ. 2025ರ ಆಗಸ್ಟ್ 31ರಿಂದ ಅದು ಶೇ 2 ಆಗಿದೆ. ಹಳೆಯ ಉತ್ತರ ನಂಬಿ ಹಣ ಹೊಂದಿಸಿಕೊಂಡು ಬಂದು, ಕಚೇರಿಯ ಮೆಟ್ಟಿಲ ಮೇಲೆ ಸಾಲ ಕೇಳುವವರನ್ನು ಕಂಡಿದ್ದೇನೆ. ಬರೆದರೆ ತಾರೀಖು ಹಾಕಿ ಬರೆಯಿರಿ.

ಹಾಗೆಂದು ಬರೆಯುವುದನ್ನು ಬಿಟ್ಟಿಲ್ಲ. ಪಹಣಿಯನ್ನು ಓದುವುದು ಹೇಗೆ, 11ಇ ನಕ್ಷೆ ಯಾವಾಗ ಬೇಕು, ಪೋಡಿ ಎಂದರೇನು, ಋಣಭಾರ ಪ್ರಮಾಣಪತ್ರ ತೆಗೆಸುವುದು ಹೇಗೆ, ಇಂಥವುಗಳಿಗೆ ಮನಸಾರೆ ಉತ್ತರಿಸುತ್ತೇನೆ. ಇವು ಅಣ್ಣನಿಗೂ ತಂಗಿಗೂ ಒಂದೇ ಬಗೆಯಲ್ಲಿ ಉಪಯೋಗಕ್ಕೆ ಬರುತ್ತವೆ. ಉತ್ತರದ ಮೊದಲ ಸಾಲಿನಲ್ಲೇ ಪ್ರಶ್ನೆಯನ್ನು ಪೂರ್ತಿಯಾಗಿ ಮತ್ತೆ ಬರೆಯುತ್ತೇನೆ. ‘ಹೌದು’, ‘ಇಲ್ಲ’ ಎಂದು ಶುರು ಮಾಡುವುದಿಲ್ಲ. ಮೇಲಿನಿಂದ ಕತ್ತರಿಸಿದರೂ ಷರತ್ತು ಸೇರಿಯೇ ಹೋಗಬೇಕು.

ಪಾಲಿನ ಪ್ರಶ್ನೆಗಳ ಕೆಳಗೆ ಮಾತ್ರ ಈಗ ಒಂದೇ ಒಂದು ಟಿಪ್ಪಣಿ ಅಂಟಿಸುತ್ತೇನೆ. ನೀವೂ ಬಳಸಬಹುದು: ‘ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತವಾಗಿ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.’