ಹಿರೋಶಿಮಾ, ಮಿಯಾಜಿಮಾ: ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ

ಕಳೆದ ನವೆಂಬರಿನಲ್ಲಿ ಅಮ್ಮನ ಜೊತೆ ಹೋಗಿದ್ದೆ. ಬೆಳಿಗ್ಗೆ ಹಿರೋಶಿಮಾ, ಮಧ್ಯಾಹ್ನ ಮಿಯಾಜಿಮಾ ದ್ವೀಪ ಅಂತ ಪ್ಲಾನ್. ಎರಡೂ ಜಾಗಕ್ಕೆ ಪೂರ್ತಿ ಅಂಕ. ನನ್ನ ಪ್ಲಾನಿಗೆ ಮಾತ್ರ ಸೊನ್ನೆ.

ಶಾಂತಿ ಸ್ಮಾರಕ ಮ್ಯೂಸಿಯಂ ಟಿಕೆಟ್ 200 ಯೆನ್. ಒಂದು ಗಂಟೆ ಸಾಕು ಅಂದುಕೊಂಡಿದ್ದೆ. ಒಳಗೆ ತುಕ್ಕು ಹಿಡಿದ ಮೂರು ಗಾಲಿಯ ಪುಟ್ಟ ಸೈಕಲ್ ಇದೆ. ಅಣುಬಾಂಬ್ ಬಿದ್ದ 1945ರ ಆಗಸ್ಟ್ 6ರ ಬೆಳಿಗ್ಗೆ ಅದರ ಮೇಲೆ ಆಡುತ್ತಿದ್ದ ಮೂರು ವರ್ಷದ ಹುಡುಗ ಅದೇ ರಾತ್ರಿ ತೀರಿಕೊಂಡ. ಅಪ್ಪ ಮಗನ ಜೊತೆ ಸೈಕಲನ್ನೂ ಮನೆಯ ಹಿತ್ತಲಲ್ಲೇ ಹೂತರು. 40 ವರ್ಷದ ಮೇಲೆ ಹೊರತೆಗೆದು ಇಲ್ಲಿಗೆ ಕೊಟ್ಟರು. ಅಮ್ಮ ಅಲ್ಲಿಂದ ಕದಲಲೇ ಇಲ್ಲ. ಆಮೇಲೆ ನದಿ ದಂಡೆಯಲ್ಲಿ ಸುಮ್ಮನೆ ಕೂತೆವು. ಆಚೆ ದಡದಲ್ಲಿ ಬಾಂಬಿಗೆ ಸಿಕ್ಕಿಯೂ ಉಳಿದ ಗುಮ್ಮಟ. ಅಲ್ಲಿಂದೆದ್ದು ಫೋಟೋ ತೆಗೆಯಲು ಓಡುವುದು ಹೇಗೆ, ಹೇಳಿ?

ಆದರೂ ಓಡಿದೆವು. ಹಿರೋಶಿಮಾ ಸ್ಟೇಷನ್ನಿನಿಂದ ಜೆಆರ್ (ಜಪಾನ್ ರೈಲ್ವೆ) ರೈಲಿನಲ್ಲಿ ಅರ್ಧ ಗಂಟೆ, ಆಮೇಲೆ ಫೆರಿಯಲ್ಲಿ 10 ನಿಮಿಷ. ಫೆರಿಗೆ 200 ಯೆನ್, ಅದರ ಮೇಲೆ 100 ಯೆನ್ ಪ್ರವಾಸಿ ತೆರಿಗೆ.

ನೀರಿನ ನಡುವೆ ನಿಂತ ಕೆಂಪು ಟೋರಿ, ಅಂದರೆ ಅಲ್ಲಿನ ದೇಗುಲದ ಹೆಬ್ಬಾಗಿಲು, ನೋಡಲು ಹೋದರೆ ಸಿಕ್ಕಿದ್ದು ಕೆಸರು! ಸಮುದ್ರದ ಇಳಿತದ ಹೊತ್ತು. ವೇಳಾಪಟ್ಟಿ ನಾನು ನೋಡಿರಲಿಲ್ಲ. ಅದೇ ಒಳ್ಳೆಯದಾಯಿತು ಅನ್ನಿ. ಕಂಬದ ಬುಡಕ್ಕೇ ನಡೆದು ಹೋದೆವು. 16 ಮೀಟರಿಗೂ ಎತ್ತರ, ಕರ್ಪೂರದ ಮರದ ದಪ್ಪ ಕಂಬಗಳು, 1875ರದ್ದು. ನೆಲದೊಳಗೆ ಹೂತಿಲ್ಲ, ತನ್ನ ಭಾರದ ಮೇಲೆಯೇ ನಿಂತಿದೆ. "ಬೇಲೂರಿನ ಕಂಬದ ಹಾಗೇ ಅಲ್ವಾ?" ಅಂದರು ಅಮ್ಮ. ಬೆಳಿಗ್ಗೆಯಿಂದ ಅವರು ಬಾಯಿಬಿಟ್ಟಿದ್ದು ಆಗಲೇ.

ಊಟದ ವಿಷಯ ಕೇಳಬೇಡಿ. ಒಂದು ಅಂಗಡಿಯಲ್ಲಿ ಮಾಂಸ, ಮೀನು ಬೇಡ ಅಂದೆವು. ಆದರೂ ಬಿಸಿ ಒಕೊನೊಮಿಯಾಕಿ (ಎಲೆಕೋಸು ಹಾಕಿದ ದಪ್ಪ ದೋಸೆಯಂಥದ್ದು) ಮೇಲೆ ಒಣಮೀನಿನ ತೆಳು ಚೂರುಗಳು ಕುಣಿಯುತ್ತಿದ್ದವು. ಮೇಪಲ್ ಎಲೆ ಆಕಾರದ ಮೊಮಿಜಿ ಮಂಜು ಅನ್ನುವ ಪುಟ್ಟ ಕೇಕ್ ಮಾತ್ರ ಸೊಗಸು. ಒಳಗಿನ ಕೆಂಪು ಕಾಳಿನ ಹೂರಣ ನಮ್ಮ ಹೋಳಿಗೆಯದಕ್ಕಿಂತ ಮೆತ್ತಗೆ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಅಮ್ಮನಿಗೆ ಬಾಳೆಹಣ್ಣೇ ಗತಿ.

ಮಿಸೆನ್ ಬೆಟ್ಟಕ್ಕೆ ಹೋಗಲು ಹೊತ್ತು ಉಳಿಯಲಿಲ್ಲ. ಅಲ್ಲೊಂದು ಬೆಂಕಿ 1200 ವರ್ಷದಿಂದ ಆರಿಲ್ಲ ಅಂತಾರೆ. ಹಿರೋಶಿಮಾ ಪಾರ್ಕಿನ ಶಾಂತಿ ಜ್ಯೋತಿಗೆ ಆ ಬೆಂಕಿಯನ್ನೂ ತಂದಿದ್ದರು ಅಂತ ವಾಪಸ್ ಬರುವಾಗ ಫೆರಿಯಲ್ಲಿ ಓದಿದೆ. ಹೊಟ್ಟೆ ಉರಿಯಿತು.

ಮ್ಯೂಸಿಯಮ್ಮಿಗೆ ಒಂದು ದಿನ, ದ್ವೀಪಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ದ್ವೀಪದ ಮ್ಯಾಪನ್ನು ಬ್ಯಾಗಿನೊಳಗೆ ಇಡಿ. ನನ್ನ ಮ್ಯಾಪಿನ ಅರ್ಧ ಜಿಂಕೆಯ ಹೊಟ್ಟೆ ಸೇರಿತು.