ಉಚಿತ ಕ್ಯಾನ್ಸರ್ ತಪಾಸಣೆ: ನೋಡಿದ್ದಕ್ಕೆ ನಾಲ್ಕು ಸ್ಟಾರ್, ಆಮೇಲಿನದಕ್ಕೆ ಒಂದೇ

ಕೊರಟಗೆರೆ ಕಡೆಯ ನಮ್ಮೂರಿಗೆ ಆಶಾ ಅಕ್ಕ ಮನೆಗೇ ಬಂದು ಫಾರಂ ತುಂಬಿಸಿಕೊಂಡರು. ಹೊಗೆಸೊಪ್ಪು ಹಾಕ್ತೀರಾ, ಮನೇಲಿ ಯಾರಿಗಾದ್ರೂ ಶುಗರ್, ಬಿಪಿ ಇದೆಯಾ ಅಂತ ಕೇಳಿ, ಟೇಪು ಹಿಡಿದು ಸೊಂಟವನ್ನೂ ಅಳೆದರು. ಅದರಲ್ಲಿ 4ಕ್ಕಿಂತ ಜಾಸ್ತಿ ಅಂಕ ಬಂದವರನ್ನು ಮೊದಲು ಕರೆಯುತ್ತಾರಂತೆ. ನಮ್ಮ ಅತ್ತೆಗೆ ಬಂತು, ಬರದೆ ಇರುತ್ತಾ, ಎಲೆ ಅಡಿಕೆ ಚೀಲ ಸೊಂಟದಿಂದ ಇಳಿದಿದ್ದೇ ಇಲ್ಲ.

ಆರೋಗ್ಯ ಕೇಂದ್ರದಲ್ಲಿ ಕೆಲಸ ಚೆನ್ನಾಗಿತ್ತು, ಸುಮ್ನೆ ಹೇಳ್ತಿಲ್ಲ. ಪರದೆ ಎಳೆದು, ನಾಚಿಕೆ ಆಗದ ಹಾಗೆ ಮಾತಾಡಿಸಿ ನೋಡಿದರು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ, ಅಂದ್ರೆ ವಿನೆಗರ್‌ನಲ್ಲಿರೋದೇ, ಹಚ್ಚಿ ಒಂದು ನಿಮಿಷ ಕಾಯುತ್ತಾರೆ, ಬೆಳ್ಳಗಾದರೆ ಮುಂದಕ್ಕೆ ಕಳಿಸುತ್ತಾರೆ. ನನಗೆ ಏನೂ ಇರಲಿಲ್ಲ, 5 ವರ್ಷ ಬಿಟ್ಟು ಬನ್ನಿ ಅಂದರು. ಅತ್ತೆಗೆ ಮಾತ್ರ "ಅಮ್ಮ, ಇನ್ನೂ ಸ್ವಲ್ಪ ಬಾಯಿ ತೆಗೀರಿ" ಅಂತ ನರ್ಸ್ ಎರಡು ಸಲ ಟಾರ್ಚ್ ಬಿಟ್ಟರು. ಎಡಗೆನ್ನೆ ಒಳಗೆ ಬಿಳಿ ಮಚ್ಚೆ. ದೊಡ್ಡಾಸ್ಪತ್ರೆಗೆ ತೋರಿಸಿ ಅಂತ ಚೀಟಿ ಬರೆದುಕೊಟ್ಟರು.

ಅಷ್ಟೇ. ಆಮೇಲೆ ಹೋದಿರಾ ಬಿಟ್ಟಿರಾ ಅಂತ ಒಬ್ಬರೂ ಕೇಳಲಿಲ್ಲ. ಮೂರು ವಾರ ಆದಮೇಲೆ ನಾನೇ ಕೇಂದ್ರಕ್ಕೆ ಹೋದೆ. ಗೋಡೆ ಮೇಲೆ ಚಾರ್ಟ್ ಹಾಕಿದ್ದರು: 30 ದಾಟಿದವರು ಎಷ್ಟು, ತಪಾಸಣೆ ಆದವರು ಎಷ್ಟು, ಮುಂದಕ್ಕೆ ಕಳಿಸಿದ್ದು ಎಷ್ಟು. ಕಳಿಸಿದವರಲ್ಲಿ ಆಸ್ಪತ್ರೆ ಮುಟ್ಟಿದವರು ಎಷ್ಟು ಅನ್ನೋ ಕಾಲಂ ಇಲ್ಲ! ನಮ್ಮ ಅತ್ತೆ ಆ ಚಾರ್ಟ್ ಪ್ರಕಾರ ಮುಗಿದ ಕೆಲಸ.

ತಪಾಸಣೆ ಎಣಿಸೋದು ಬೇಡ ಅಂತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಆಗಿದ್ದವರು ದೇಶದಲ್ಲಿ ಶೇ. 1.9 ಮಾತ್ರ. ಆದರೆ ಇದೇ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರೋ ಗುರಿಯಲ್ಲಿ ಶೇ. 70 ಹೆಂಗಸರಿಗೆ ತಪಾಸಣೆ ಅನ್ನೋದರ ಜೊತೆಗೇ, ತೊಂದರೆ ಸಿಕ್ಕಿದವರಲ್ಲಿ ಶೇ. 90 ಜನಕ್ಕೆ ಚಿಕಿತ್ಸೆ ಅಂತಲೂ ಇದೆ. ಬಾಯಿಗೂ ಹಾಗೇ ಎಣಿಸಬೇಕು ಅಲ್ವಾ? ಆಶಾ ಅಕ್ಕನ ಮೇಲೆ ಕೋಪ ಇಲ್ಲ, ಅವರ ಕೈಗೆ ಕೊಟ್ಟ ಫಾರಂನಲ್ಲಿ ಇರೋದನ್ನ ಅವರು ತುಂಬುತ್ತಾರೆ.

ಕೊನೆಗೆ ತುಮಕೂರಿಗೆ ನಾವೇ ಬಸ್ ಹತ್ತಿದೆವು. ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಅಲ್ಲ, ಆದರೆ ಹೊಗೆಸೊಪ್ಪು ಬಿಡಲೇಬೇಕು, 3 ತಿಂಗಳಿಗೆ ಮತ್ತೆ ತೋರಿಸಿ ಅಂದರು. ತಾರೀಕು ಕ್ಯಾಲೆಂಡರ್‌ನಲ್ಲಿ ನಾನೇ ಗುರುತು ಹಾಕಿದ್ದೇನೆ. ನೀವೂ ಹೋಗಿ, ಉಚಿತ, ಅರ್ಧ ದಿನದ ಕೆಲಸ. ಚೀಟಿ ಕೊಟ್ಟರೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ನಮ್ಮದು ಅತ್ತೆಯ ಎಲೆ ಅಡಿಕೆ ಚೀಲದಲ್ಲಿ ಸುಣ್ಣ ಮೆತ್ತಿಕೊಂಡು ಅರ್ಧ ಅಳಿಸಿಹೋಗಿತ್ತು.